ಮುದ್ದೆ ಇಳಿಯದ ಬೊಮ್ಮಣ್ಣ

ನಮ್ಮ ಕೊರಟಗೆರೆ ಸೀಮೆಯಲ್ಲಿ ದೊಡ್ಡ ಊಟ ಹಾಕಿಸುವವರು ಪಂಚಾಂಗ ನೋಡುವುದಕ್ಕೆ ಮೊದಲು ಬೊಮ್ಮಣ್ಣನಿಗೆ ಬಿಡುವಿದೆಯೇ ಎಂದು ವಿಚಾರಿಸುತ್ತಿದ್ದರು. ಅನ್ನವನ್ನು ಯಾರಾದರೂ ಬೇಯಿಸಿಯಾರು. ನೂರಾರು ಜನಕ್ಕೆ ರಾಗಿಮುದ್ದೆ ಮಾಡುವುದು ಹಾಗಲ್ಲ. ಕೊಪ್ಪರಿಗೆಯಲ್ಲಿ ಎಸರು ಕುದಿಯಬೇಕು, ಹಿಟ್ಟು ಸುರಿಯಬೇಕು, ಇಬ್ಬರು ಗಂಡಸರು ಎದುರುಬದುರು ನಿಂತು ಎದೆಯೆತ್ತರದ ಕೋಲುಗಳಿಂದ ತಿರುವಬೇಕು. ಒಂದು ಗಂಟು ಉಳಿದರೂ ಊರು ವರ್ಷವೆಲ್ಲ ಆಡಿಕೊಳ್ಳುತ್ತದೆ. ಬೊಮ್ಮಣ್ಣನ ಕೊಪ್ಪರಿಗೆಯಲ್ಲಿ ಗಂಟು ಕಂಡವರನ್ನು ನಾನಂತೂ ಕಾಣೆನು.

ಕೊಳಾಲಕ್ಕೆ ಹತ್ತಿರದ ಒಂದು ಹಳ್ಳಿ ಅವನದು. ಅಗಲವಾದ ಎದೆ, ಕಾವಿಗೆ ಕೆಂಪಾದ ಮುಂಗೈಗಳು, ಎಡದವಡೆಯಲ್ಲಿ ಸದಾ ಒಂದು ಉಂಡೆ ಹೊಗೆಸೊಪ್ಪು. ಅವನ ಎದುರು ಕೋಲು ಹಿಡಿಯುತ್ತಿದ್ದವನು ಗೆಳೆಯ ರುದ್ರಯ್ಯ. ಸಣಕಲು ಮೈ, ಉದ್ದ ನಾಲಿಗೆ. ಬೊಮ್ಮಣ್ಣನ ಒಬ್ಬಳೇ ಮಗಳು ಗಂಗಲಕ್ಷ್ಮಿ ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಓದಿದಳು. ಆ ಪರಿಚಯ ಮುಂದೆ ಸ್ನೇಹವಾಗಿ ಬೆಳೆಯಿತು. ನಿವೃತ್ತನಾದ ಮೇಲೆ ಅವನ ಮನೆಯ ಜಗುಲಿ ನನಗೆ ಸಂಜೆಯ ನೆಲೆಯಾಯಿತು.

ಬೊಮ್ಮಣ್ಣನಿಗೆ ಒಂದು ಪದ್ಧತಿಯಿದ್ದಿತು. ತಾನು ಮಾಡಿದ ಮುದ್ದೆಯನ್ನು ಬಡಿಸುವುದಕ್ಕೆ ಮೊದಲು ತಾನು ರುಚಿ ನೋಡುತ್ತಿರಲಿಲ್ಲ. ಮೊದಲ ಪಂಕ್ತಿಯ ಹಿರಿಯರೊಬ್ಬರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಅವರು ಮೊದಲ ತುತ್ತು ನುಂಗುವಾಗ ಅವರ ಗಂಟಲನ್ನೇ ನೋಡುತ್ತಿದ್ದನು. "ಇಳೀತಾ?" ಎನ್ನುವನು. "ಇಳೀತು" ಎಂದು ಅವರು ಹೇಳಿದರೆ ಎದ್ದು ಕೈಯೆತ್ತಿ, "ಬಡ್ಸ್ರಲಾ" ಎನ್ನುವನು. ಆ ಅಪ್ಪಣೆಯಾಗುವ ತನಕ ಬಡಿಸುವವರು ಕಾಯಬೇಕು.

ನಮ್ಮ ಶಾಲೆಯ ಹೊಸ ಕೊಠಡಿಗಳ ಪ್ರಾರಂಭೋತ್ಸವದ ದಿನ ಕರಾವಳಿಯ ಕಡೆಯಿಂದ ಬಂದಿದ್ದ ಅಧಿಕಾರಿಯೊಬ್ಬರು ಮುದ್ದೆಯನ್ನು ಅಗಿಯುತ್ತ ಕುಳಿತಿದ್ದರು. ಬೊಮ್ಮಣ್ಣನು ನೋಡಿ ನೋಡಿ ತಡೆಯಲಾರದೆ ಹತ್ತಿರ ಹೋದನು.

"ಸ್ವಾಮಿ, ಮುದ್ದೆಗೆ ಹಲ್ಲು ತೋರಿಸ್ಬಾರ್ದು. ಅದಕ್ಕೆ ಸಿಟ್ಟು ಬತ್ತದೆ."

"ಮತ್ತೆ ಹೇಗೆ ತಿನ್ನಬೇಕು?"

"ತಿನ್ನೋದಲ್ಲ, ನುಂಗೋದು. ತುತ್ತು ಮುರೀರಿ, ಸಾರಲ್ಲಿ ಅದ್ದಿ, ಬುಟ್ಬುಡಿ. ದಾರಿ ಅದಕ್ಕೇ ಗೊತ್ತು."

ಅಧಿಕಾರಿಗಳು ಕಣ್ಣು ಮುಚ್ಚಿ ಬಿಟ್ಟರು. ಇಳಿಯಿತು. ಆ ದಿನ ಬೊಮ್ಮಣ್ಣನ ಮುಖದಲ್ಲಿದ್ದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹೋದ ವರ್ಷದ ಶ್ರಾವಣದಲ್ಲಿ ಅವನಿಗೇ ಮುದ್ದೆ ಗಂಟಲಲ್ಲಿ ನಿಲ್ಲತೊಡಗಿತು. ಬೇರೆ ಯಾರಾದರೂ ಗಂಟಲನ್ನು ಅನುಮಾನಿಸುತ್ತಿದ್ದರು. ಅವನು ರಾಗಿಯನ್ನು ಅನುಮಾನಿಸಿದನು. ಹೊಸ ತಳಿಯ ರಾಗಿಗೆ ಜಿಗುಟಿಲ್ಲವೆಂದನು. ಮಿಲ್ಲಿನವನು ದಪ್ಪಕ್ಕೆ ಬೀಸುತ್ತಾನೆಂದು ಮಿಲ್ಲು ಬದಲಾಯಿಸಿದನು. ಕಡೆಗೆ ರುದ್ರಯ್ಯನ ಮೇಲೆ ಬಿದ್ದನು.

"ನೀನು ಮೈಗಳ್ಳ ಕಣ್ಲಾ. ನಿನ್ನ ಕಡೆ ಹಿಟ್ಟು ಬೇಯೋದೇ ಇಲ್ಲ."

"ಊರೆಲ್ಲ ನುಂಗ್ತದೆ, ನಿನ್ನೊಬ್ಬನ ಗಂಟ್ಲಿಗೆ ಮಾತ್ರ ನನ್ನ ಕೋಲು ಅಡ್ಡ ಬತ್ತದೇನ್ಲಾ?" ಎಂದನು ರುದ್ರಯ್ಯ. ಆಮೇಲೆ ಅವನ ಕತ್ತಿನ ಪಕ್ಕದ ಗಂಟನ್ನು ನೋಡಿ ದನಿ ತಗ್ಗಿಸಿದನು. "ಇದೇನ್ಲಾ ಇದು? ಎದ್ದೇಳು, ಡಾಕ್ಟ್ರ ತಾವ ಹೋಗವ."

ನಾಲಿಗೆಯ ಬುಡದಲ್ಲಿ ಗೆಡ್ಡೆಯಾಗಿದೆ, ಕತ್ತಿನ ಗಂಟಿಗೂ ಹಬ್ಬಿದೆ ಎಂದು ತುಮಕೂರಿನ ಆಸ್ಪತ್ರೆಯಲ್ಲಿ ಹೇಳಿದರು. ಕೊಯ್ಯಬೇಕಾಗಿಲ್ಲ, ಸುಮಾರು ಏಳು ವಾರ ಕರೆಂಟು ಕೊಡುತ್ತೇವೆ, ಜೊತೆಗೆ ವಾರಕ್ಕೊಮ್ಮೆ ಔಷಧಿ ಏರಿಸುತ್ತೇವೆ ಎಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆಯವರು ಕರೆಂಟು ಎಂದೇ ಹೇಳುತ್ತಾರೆ. ವಾಸಿಯಾಗುವ ಕಾಯಿಲೆಯೇ, ಆದರೆ ಎರಡು ಮಾತು ನೆನಪಿನಲ್ಲಿಡಿ ಎಂದರು ವೈದ್ಯರು: ತೂಕ ಇಳಿಯಬಾರದು, ಚಿಕಿತ್ಸೆ ನಡುವೆ ನಿಲ್ಲಬಾರದು. ಹೊಗೆಸೊಪ್ಪನ್ನು ಅವನು ಅಂದೇ ಆಸ್ಪತ್ರೆಯ ಮೋರಿಗೆ ಉಗಿದನು; ಮತ್ತೆ ಮುಟ್ಟಲಿಲ್ಲ.

ಕರೆಂಟು ಕೊಡುವಾಗ ತಲೆ ಅಲುಗಬಾರದೆಂದು ಮುಖಕ್ಕೆ ಒಂದು ಅಚ್ಚು ಮಾಡುತ್ತಾರೆ. ಅದು ಆದ ದಿನ ಸಂಜೆ ಜಗುಲಿಯಲ್ಲಿ ಕುಳಿತು ಬೊಮ್ಮಣ್ಣನು ಅದನ್ನು ನನಗೆ ಬಣ್ಣಿಸಿದನು.

"ಒಂದು ಪ್ಲಾಸ್ಟಿಕ್ ಹಾಳೆ ಮೇಷ್ಟ್ರೆ, ತೂತುತೂತಾಗಿ ಜಲ್ಡೆ ಇದ್ದಂಗೈತೆ. ಬಿಸಿನೀರಲ್ಲಿ ಅದ್ತಾರೆ, ಮೆತ್ತಗಾಯ್ತದೆ. ತಂದು ಮುಖದ ಮೇಲೆ ಹಾಕಿ, ಸುತ್ತ ಒತ್ತಿ ಒತ್ತಿ ಕೂರಿಸ್ತಾರೆ. ಊರಿಗೆಲ್ಲ ಮುದ್ದೆ ಕಟ್ಟಿದ್ನಲ್ಲ, ನನ್ನ ಮುಖಾನೇ ಮುದ್ದೆ ಕಟ್ಟಿದಂಗೆ ಕಟ್ಬುಟ್ರು."

"ಬಿಸಿ ಸುಡಲಿಲ್ಲವೇ?"

"ಕೊಪ್ಪರಿಗೆ ಮುಂದೆ ನಿಂತವನಿಗೆ ಅದೇನು ಬಿಸಿ. ತಣ್ಣಗಾದ ಮೇಲೆ ಎತ್ತಿ ತೋರಿಸಿದ್ರು. ನಾನೇ ಇದ್ದಂಗಿತ್ತು. ಕೆನ್ನೆಗಿನ್ನೆ ಎಲ್ಲ ತುಂಬ್ಕಂಡು, ಚೆನ್ನಾಗೇ ಇದ್ದೆ."

ದೀಪಾವಳಿಯ ಮರುವಾರ ಚಿಕಿತ್ಸೆ ಪ್ರಾರಂಭವಾಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಮಧ್ಯಾಹ್ನಕ್ಕೆ ಬರುವುದು. ಜೊತೆಗೆ ರುದ್ರಯ್ಯ, ಅವನಿಗೆ ಹೊಲದ ಕೆಲಸವಿದ್ದ ದಿನ ನಾನು. ಅದೇ ಸಮಯಕ್ಕೆ ಗಂಗಲಕ್ಷ್ಮಿಗೆ ಮಧುಗಿರಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಮಗು. ಹೀಗಾಗಿ ಬೊಮ್ಮಣ್ಣನ ಹೆಂಡತಿ ಕದರಮ್ಮನ ಪಾಲಿಗೆ ಒಂದು ಮನೆಯಲ್ಲಿ ಎರಡು ಆರೈಕೆ ಬಂದವು.

ಕದರಮ್ಮ ಪಾವಗಡದ ಕಡೆಯವಳು, ವೈ.ಎನ್. ಹೊಸಕೋಟೆಯ ಹತ್ತಿರದ, ಮಳೆ ನಂಬಿದ ಕಡಲೆಕಾಯಿ ಹೊಲಗಳ ನಡುವೆ ಹುಟ್ಟಿದವಳು. ಸಿಟ್ಟು ಬಂದಾಗ ಮಾತ್ರ ತೆಲುಗು ಬರುತ್ತಿದ್ದಿತು. ಮಾಡುವ ಕೆಲಸದಲ್ಲಿ ಅವಳಷ್ಟು ನಿಷ್ಠೆಯವರನ್ನು ನಾನು ನೋಡಿಲ್ಲ. ಎರಡನೆಯ ವಾರ ಕಳೆಯುವುದರೊಳಗೆ ಬೊಮ್ಮಣ್ಣನ ಬಾಯಿಯ ಒಳಗೆಲ್ಲ ಹುಣ್ಣಾಗಿ, ಕತ್ತಿನ ಚರ್ಮ ಕಪ್ಪಿಟ್ಟಿತು. ಆ ಗಾಯವನ್ನು ಕಂಡದ್ದೇ ಅವಳು ಕಟ್ಟುನಿಟ್ಟಾದ ಪಥ್ಯ ಹಿಡಿಸಿದಳು. ಗಾಯಕ್ಕೆ ನಂಜಾಗುವ ಪದಾರ್ಥ ಯಾವುದನ್ನೂ ಮುಟ್ಟಿಸಬಾರದೆಂಬುದು ನಮ್ಮ ಜನದ ನಂಬಿಕೆ. ಕಡಲೆಕಾಯಿ ನಂಜು. ಮೊಟ್ಟೆ ನಂಜು. ತುಪ್ಪ ಹಾಕಿದರೆ ಗಾಯ ಕೀವು ಕಟ್ಟುತ್ತದೆ. ಹಾಲಿಗೆ ಕಫ ಕಟ್ಟುತ್ತದೆ. ಹಾಗಾದರೆ ಉಳಿದದ್ದೇನು? ರಾಗಿ ಗಂಜಿಯ ತಿಳಿ, ಚಿಟಿಕೆ ಉಪ್ಪು.

ಒಂದೇ ಒಲೆಯ ಮೇಲೆ ಎರಡು ಪಾತ್ರೆ ಇರುತ್ತಿದ್ದವು. ಒಂದರಲ್ಲಿ ಬಾಣಂತಿಗೆ ಮೆಣಸು ಬೆಳ್ಳುಳ್ಳಿಯ ಸಾರು. ಅದಕ್ಕೆ ಬಿಸಿ ಅನ್ನ, ಮೇಲೆ ಧಾರಾಳವಾಗಿ ತುಪ್ಪ. ಆಮೇಲೆ ಕೊಬ್ಬರಿ ಬೆಲ್ಲದ ಅಂಟಿನುಂಡೆ. ಇನ್ನೊಂದರಲ್ಲಿ ಗಂಜಿಯ ತಿಳಿ. ಒಳಗಿನ ಕೋಣೆಯಲ್ಲಿ ಕೂಸು ದಿನದಿನಕ್ಕೆ ದುಂಡಗಾಗುತ್ತಿದ್ದಿತು. ಜಗುಲಿಯಲ್ಲಿ ತಾತನು ದಿನದಿನಕ್ಕೆ ಕರಗುತ್ತಿದ್ದನು. ಕದರಮ್ಮ ಇಬ್ಬರಿಗೂ ಒಂದೇ ಅಕ್ಕರೆಯಿಂದ ಬಡಿಸುತ್ತಿದ್ದಳು.

ಅದು ಕಡಲೆಕಾಯಿ ಕೀಳುವ ಕಾಲ, ಸೊಗಡಿನ ಅವರೆ ಬಳ್ಳಿಯಲ್ಲಿ ತುಂಬುವ ಕಾಲ. ಓಣಿಯಲ್ಲಿ ಯಾರ ಮನೆಯ ಬಾಗಿಲು ತೆರೆದರೂ ಅವರೆಕಾಯಿ ಸಾರಿನ ವಾಸನೆ. ಬೊಮ್ಮಣ್ಣನು ಮಾತು ನಿಲ್ಲಿಸಿ ಮೂಗೆತ್ತುತ್ತಿದ್ದನು.

"ಮಹಾಲಕ್ಷ್ಮಮ್ಮನ ಮನೇದು. ಕೊತ್ತಂಬ್ರಿ ಸ್ವಲ್ಪ ಹೆಚ್ಚಾಗೈತೆ," ಎನ್ನುವನು. ಸ್ವಲ್ಪ ಹೊತ್ತು ಬಿಟ್ಟು, "ವಾಸ್ನೆ ಹಂಗೇ ಐತೆ ಮೇಷ್ಟ್ರೆ. ನಾಲ್ಗೆ ಮೇಲೆ ಬಂದ್ರೆ ಮಾತ್ರ ಎಲ್ಲ ಬೂದಿ," ಎನ್ನುವನು.

ಮೂರನೆಯ ವಾರ ನಾನು ಅವನೊಡನೆ ಹೋಗಿದ್ದಾಗ, ಕರೆಂಟು ಕೊಡುವ ಕೋಣೆಯ ತಂತ್ರಜ್ಞ ಪ್ರಸನ್ನ ಕುಮಾರ್ ಎಂಬಾತನು ಹೊರಗೆ ಬಂದು ನನ್ನನ್ನು ಕರೆದನು. ಅಚ್ಚಿಗೂ ಕೆನ್ನೆಗೂ ನಡುವೆ ಬೆರಳು ಹೋಗುವಷ್ಟು ಸಂದಾಗಿದೆ ಎಂದನು. "ಅಚ್ಚು ಸಡಿಲವಾದರೆ ತಲೆ ಅಲುಗುತ್ತೆ ಸಾರ್, ಗುರಿ ತಪ್ಪುತ್ತೆ. ಈ ವಾರ ಹೇಗೋ ನಡೆಯುತ್ತೆ. ಇನ್ನೂ ಇಳಿದರೆ ಹೊಸ ಅಚ್ಚು ಮಾಡಿ, ಎಲ್ಲ ಮೊದಲಿಂದ ಲೆಕ್ಕ ಹಾಕಬೇಕು. ಅಷ್ಟು ದಿನ ಚಿಕಿತ್ಸೆ ನಿಲ್ಲುತ್ತೆ. ನಿಂತ ದಿನಗಳಲ್ಲಿ ಗೆಡ್ಡೆ ಚೇತರಿಸಿಕೊಳ್ಳುತ್ತೆ."

ಬಸ್ಸಿನಲ್ಲಿ ಬೊಮ್ಮಣ್ಣನು ಕೆನ್ನೆ ಸವರಿಕೊಳ್ಳುತ್ತ ಕುಳಿತಿದ್ದನು. ತೋವಿನಕೆರೆ ದಾಟಿದ ಮೇಲೆ, "ಅಚ್ಚು ಹಂಗೇ ಐತೆ, ನಾನೇ ಕಮ್ಮಿಯಾದೆ," ಎಂದನು.

ಮರುದಿನ ಕದರಮ್ಮನನ್ನೂ ಕರೆದುಕೊಂಡು ಹೋದೆವು. ಆಸ್ಪತ್ರೆಯ ಪಥ್ಯಾಹಾರ ತಜ್ಞೆ ಅನುಷಾ ಎಂಬ ಶಿರಾದ ಹುಡುಗಿ; ನಗುಮುಖದವಳು.

"ಅಮ್ಮಾ, ಏನೇನು ಕೊಡ್ತಿದ್ದೀರಿ?"

"ಗಂಜಿ ತಿಳಿ ಕೊಡ್ತೀನಮ್ಮ. ಹೊತ್ತೊತ್ತಿಗೆ ಸರಿಯಾಗಿ ಕೊಡ್ತೀನಿ. ಒಂದು ದಿನಾನೂ ತಪ್ಸಿಲ್ಲ."

"ಅದರಲ್ಲಿ ನೀರೇ ಜಾಸ್ತಿ ಅಮ್ಮಾ. ಹುಣ್ಣು ಮಾಯೋಕೆ ಮೈಯಲ್ಲಿ ಸತ್ವ ಬೇಕಲ್ವಾ? ಅದೇ ಗಂಜಿಗೆ ಹಾಲು ಹಾಕಿ, ತುಪ್ಪ ಹಾಕಿ. ಮೊಟ್ಟೆ ಚೆನ್ನಾಗಿ ಬೇಯಿಸಿ, ಹಾಲಲ್ಲಿ ನುಣ್ಣಗೆ ಅರೆದು ಕೊಡಿ. ಕಡಲೆಕಾಯಿ ಹುರಿದು, ಸಿಪ್ಪೆ ತೆಗೆದು, ಅರೆದು, ಬಟ್ಟೇಲಿ ಸೋಸಿ ಹಾಲು ಮಾಡಿ. ಖಾರ ಬೇಡ, ಹುಳಿ ಬೇಡ. ಸ್ವಲ್ಪಸ್ವಲ್ಪ, ಮೇಲಿಂದ ಮೇಲೆ."

ಕಡಲೆಕಾಯಿ ಎಂಬ ಮಾತಿಗೆ ಕದರಮ್ಮ ಗಂಡನ ಕಡೆ ನೋಡಿದಳು. "ನಂಜಾಗಲ್ವೇನಮ್ಮ?"

"ಇವರಿಗೀಗ ನಂಜು ಅಂದ್ರೆ ಹಸಿವು ಒಂದೇ ಅಮ್ಮಾ."

ಕದರಮ್ಮ ತಲೆಯಾಡಿಸಿದಳು. ಮನೆಗೆ ಬಂದು ಕೈಕಾಲು ತೊಳೆದು ಒಲೆ ಹಚ್ಚಿದಳು. ಗಂಜಿ ಕಾಸಿ, ತಿಳಿ ಬಸಿದು, ಚಿಟಿಕೆ ಉಪ್ಪು ಹಾಕಿ ತಂದಳು. ಬೊಮ್ಮಣ್ಣನು ಲೋಟವನ್ನೂ ಅವಳನ್ನೂ ನೋಡಿ ಕುಡಿದನು. ಒಂದೊಂದು ಗುಟುಕಿಗೂ ಕಣ್ಣಲ್ಲಿ ನೀರು ಬರುತ್ತಿದ್ದಿತು.

ಆಗ ಜಗುಲಿಗೆ ಬಂದಿದ್ದ ರುದ್ರಯ್ಯನಿಗೆ ತಡೆಯಲಾಗಲಿಲ್ಲ. "ಅಲ್ಲ ಅತ್ತಿಗೆ, ಆ ಹುಡುಗಿ ಅಷ್ಟೊತ್ತು ಬಾಯಿ ನೋಯಿಸ್ಕಂಡು ಹೇಳಿದ್ಲಂತೆ, ನೀನು ಮತ್ತೆ ಇವ್ನಿಗೆ ಕಲಗಚ್ಚೇ ಕೊಡ್ತೀಯಲ್ಲ."

"ನಿಂಗೇನು ಗೊತ್ತು," ಎಂದಳು ಕದರಮ್ಮ. ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಅಂದು ಅವಳು ಹೇಳಿದ ಸಂಗತಿಯನ್ನು ನಾನು ಮೊದಲು ಕೇಳಿರಲಿಲ್ಲ; ಬೊಮ್ಮಣ್ಣನೂ ಕೇಳಿರಲಿಲ್ಲವೆಂದು ತೋರುತ್ತದೆ.

ಅವಳು ಲಂಗ ಉಡುವ ವಯಸ್ಸಿನಲ್ಲಿ ಅವಳ ತಂದೆಯ ಕಾಲಿಗೆ ನೇಗಿಲ ಗುಳ ತಾಗಿ ಗಾಯವಾಗಿದ್ದಿತಂತೆ. ಕಡಲೆಕಾಯಿ ಕೀಳುವ ಕಾಲ. ಹೊಲದಲ್ಲಿ ಸುಟ್ಟ ಕಾಯನ್ನು ಇವಳು ಲಂಗದ ಮಡಿಲಲ್ಲಿ ತುಂಬಿಕೊಂಡು ತಂದು, ಒಂದೊಂದೇ ಬಿಡಿಸಿ ತಂದೆಯ ಬಾಯಿಗೆ ಹಾಕಿದಳಂತೆ. ಅವನೂ ನಗುತ್ತ ತಿಂದನಂತೆ. ಆಮೇಲೆ ಕಾಲು ಊದಿ ಕಪ್ಪಾಯಿತು. ಮನುಷ್ಯ ಉಳಿಯಲಿಲ್ಲ. ಕಡಲೆಕಾಯಿ ನಂಜಾಯಿತೆಂದು ಊರೆಲ್ಲ ಹೇಳಿತು.

"ನನ್ನ ಕೈಯಾರೆ ತಿನ್ಸಿದ್ದು ಮೇಷ್ಟ್ರೆ. ಈ ಕೈಯಾಗೆ ಇನ್ನೊಬ್ರಿಗೆ ತಿನ್ಸು ಅಂದ್ರೆ ಹೆಂಗೆ ತಿನ್ಸಲಿ?"

ಒಳಗಿನಿಂದ ಗಂಗಲಕ್ಷ್ಮಿಯ ದನಿ ಬಂದಿತು.

"ಅಮ್ಮಾ, ಇಲ್ಲಿ ಬಾ."

ಅವಳು ಊಟಕ್ಕೆ ಕುಳಿತಿದ್ದಳು. ಅನ್ನದ ಮೇಲೆ ತುಪ್ಪ ಮಿನುಗುತ್ತಿದ್ದಿತು. "ನನ್ನ ಹೊಟ್ಟೆ ಕೊಯ್ದು ಹೊಲ್ದವ್ರೆ. ಅದು ಗಾಯ ಅಲ್ವೇನಮ್ಮ? ನಂಗೆ ಹೆಂಗೆ ತುಪ್ಪ ಹಾಕ್ತೀಯ?"

"ಊರುಕೋವೇ, ಸುಮ್ನಿರು. ನೀನು ಬಾಣಂತಿ. ಬಾಣಂತಿಗೆ ಹಾಕ್ದೆ ಇದ್ರೆ ಎದ್ದೇಳ್ತೀಯಾ?"

"ಅಪ್ಪ ಎದ್ದೇಳೋದು ಬ್ಯಾಡ್ವಾ?"

ಆಮೇಲೆ ಆ ಹುಡುಗಿ ಮಾಡಿದ್ದನ್ನು ಕಿಟಕಿಯಿಂದ ನಾವೆಲ್ಲ ಕಂಡೆವು. ತಟ್ಟೆಯನ್ನು ಮುಂದಕ್ಕೆ ನೂಕಿ, ಗೋಡೆಯ ಕಡೆ ತಿರುಗಿ ಕುಳಿತಳು. "ಅಪ್ಪಂಗೆ ಹಾಕೋಗಂಟ ನಂಗೂ ಬ್ಯಾಡ."

ಬಾಣಂತಿ ಉಣ್ಣದೆ ಕುಳಿತರೆ ಕೂಸಿಗೆ ಹಾಲಿಲ್ಲ. ಕದರಮ್ಮ ಆ ಕೋಣೆಯ ಬಾಗಿಲಲ್ಲಿ ನಿಂತು, ಒಮ್ಮೆ ಒಳಗೆ, ಒಮ್ಮೆ ಜಗುಲಿಯ ಕಡೆ ನೋಡಿದಳು. "ವದ್ದಮ್ಮಾ, ಮೊಂಡಾಟ ವದ್ದು, ಬ್ಯಾಡ," ಎಂದಳು. ಕೊನೆಗೆ ತುಪ್ಪದ ಡಬರಿಯನ್ನು ತಂದು, ಮಿಕ್ಕಿದ್ದ ಗಂಜಿಗೆ ಹಾಲು ಬೆರೆಸಿ, ಒಂದು ಚಮಚ ತುಪ್ಪ ಬಿಟ್ಟು ಗಂಡನ ಕೈಗೆ ಕೊಟ್ಟಳು.

ಅಂದಿನಿಂದ ಹಾಲು ತುಪ್ಪ ಸಂದಾಯವಾದವು. ಬೇಯಿಸಿದ ಮೊಟ್ಟೆಯೂ ಅಳುಕುತ್ತ ಅಳುಕುತ್ತ ಬಂದಿತು. ಕಡಲೆಕಾಯಿ ಮಾತ್ರ ಬರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ.

ಒಂದು ವಾರ ಕಳೆದಿರಬೇಕು. ನಾನು ಬೆಳಿಗ್ಗೆ ಹೋದಾಗ ಕದರಮ್ಮ ಅಂಗಳದಲ್ಲಿ ಕುಳಿತು ಹುರಿದ ಕಡಲೆಬೀಜದ ಸಿಪ್ಪೆ ತಿಕ್ಕಿ ಮೊರದಲ್ಲಿ ಕೇರುತ್ತಿದ್ದಳು. ನನ್ನನ್ನು ಕಂಡು ಎಡಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದಳು. ಅಡ್ಡಲಾಗಿ ಒಂದು ಗೀರು ಇದ್ದಿತು. ಒಣಗಿ, ಹೊಸ ಚರ್ಮ ಬಂದಿದ್ದಿತು.

"ಇದೇನಮ್ಮ, ಕೊಯ್ದುಕೊಂಡೆಯಾ?"

"ಈಳಿಗೆಮಣೆ ಮೇಲೆ ಬೇಕು ಅಂತ್ಲೇ ಕುಯ್ಕಂಡೆ ಮೇಷ್ಟ್ರೆ. ಕುಯ್ಕಂಡು ದಿನಾ ಹಿಡಿ ಹಿಡಿ ಕಡ್ಲೆಕಾಯಿ ತಿಂದೆ. ಊದ್ಲಿಲ್ಲ, ಕೀವಾಗ್ಲಿಲ್ಲ. ಮಾಯ್ತು ನೋಡ್ರಿ." ಅವಳು ಮತ್ತೆ ಮೊರಕ್ಕೆ ಕೈಹಾಕಿ, ನನ್ನ ಕಡೆ ನೋಡದೆ ಹೇಳಿದಳು. "ಹಂಗಂದ್ರೆ ನಮ್ಮಪ್ಪ ಕಾಯಿಂದ ಹೋಗಿಲ್ಲ ಅಲ್ವಾ?"

"ಇಲ್ಲಮ್ಮ," ಎಂದೆನು. "ಗಾಯಕ್ಕೆ ಔಷಧಿ ಸಿಕ್ಕದೆ ಹೋದನು. ನೀನು ಕೊಟ್ಟದ್ದರಿಂದಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬೀಜ ಅರೆಯಲು ಒಳಗೆ ಹೋದಳು.

ಕಡಲೆಕಾಯಿ ಹಾಲು ಅವನ ಪಾಲಿಗೆ ಬಂದಾಗ ನುಂಗುವ ದಾರಿಯೇ ಮುಚ್ಚುವ ಹಾಗಿದ್ದಿತು. ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ನಳಿಕೆ ಹಾಕಬೇಕೆಂದು ಅನುಷಾ ಹೇಳಿದಳು.

"ಮೂಗಲ್ಲಿ ಉಣ್ಣೋದು ನಮ್ಮ ವಂಶದಾಗೇ ಇಲ್ಲ," ಎಂದನು ಬೊಮ್ಮಣ್ಣ.

"ಆನೆ ವಂಶ ಅನ್ಕ," ಎಂದನು ರುದ್ರಯ್ಯ. "ಗಾತ್ರ ಒಂದು ಕಮ್ಮಿಯಾಗೈತೆ, ಅದಕ್ಕೇ ಹಾಕ್ತಾವ್ರೆ. ಸುಮ್ನೆ ಹಾಕಿಸ್ಕಾ."

ನೋವಿನಲ್ಲಿಯೂ ಬೊಮ್ಮಣ್ಣನಿಗೆ ನಗೆ ಬಂದಿತು. ನಳಿಕೆ ಹಾಕಿದರು. ಆದರೆ ಅದರ ಮೂಲಕ ಹೋದದ್ದು ನೇರವಾಗಿ ಹೊಟ್ಟೆಗೆ. ನಾಲಿಗೆಗೆ ಸುದ್ದಿಯೇ ಇಲ್ಲ. ಆಗ ಕದರಮ್ಮ ಒಂದು ರೂಢಿ ಮಾಡಿಕೊಂಡಳು. ಹಾಲು ಬಿಡುವುದಕ್ಕೆ ಮೊದಲು, ಅಂದು ಮನೆಯಲ್ಲಿ ಏನು ಸಾರು ಮಾಡಿದ್ದಳೋ ಅದರ ಬಟ್ಟಲನ್ನು ಅವನ ಮುಖದ ಹತ್ತಿರ ಹಿಡಿಯುವಳು. ಅವನು ಕಣ್ಣು ಮುಚ್ಚಿ ಮೂಸುವನು.

"ಹಿಸುಕಿದ ಅವರೆ," ಎನ್ನುವನು. "ಗಸಗಸೆ ಹಾಕಿದ್ದೀಯ."

"ಹೂಂ."

"ಇನ್ನೊಂದು ಗಳಿಗೆ ಹಿಡ್ಕಾ."

ಅವಳು ಹಿಡಿದುಕೊಂಡೇ ಇರುವಳು, ಸಾರು ಆರುವ ತನಕ. ಆಮೇಲೆ ನಳಿಕೆಗೆ ಹಾಲು ಬಿಡುವಳು.

ಅಚ್ಚಿನ ಸಂದು ಅಷ್ಟಕ್ಕೇ ನಿಂತಿತು. ಹೊಸ ಅಚ್ಚು ಬೇಕಾಗಲಿಲ್ಲ. ಚಿಕಿತ್ಸೆ ನಡುವೆ ನಿಲ್ಲಲಿಲ್ಲ. ಸಂಕ್ರಾಂತಿಗೆ ಮುಂಚೆ ಎಲ್ಲ ಮುಗಿಯಿತು. ಯುಗಾದಿಯ ಹೊತ್ತಿಗೆ ನಳಿಕೆ ತೆಗೆದರು, ಗೆಡ್ಡೆ ಕಾಣುತ್ತಿಲ್ಲವೆಂದರು. ಬಳಸಿದ ಅಚ್ಚನ್ನು ಬೊಮ್ಮಣ್ಣನು ಕೇಳಿ ಪಡೆದು ಮನೆಗೆ ತಂದು ಗೂಟಕ್ಕೆ ತಗುಲಿಸಿದ್ದಾನೆ. ಒಮ್ಮೊಮ್ಮೆ ಅದನ್ನು ತೆಗೆದು ಮುಖಕ್ಕೆ ಇಟ್ಟು ನೋಡುತ್ತಾನೆ; ಹಳೆಯ ಕೆನ್ನೆಗಳು ಇನ್ನೂ ತುಂಬಿ ಬಂದಿಲ್ಲ.

ರುಚಿ ಒಂದೊಂದಾಗಿ ಹಿಂದಿರುಗಿತು. ಅಂಬಲಿ ಇಳಿಯಿತು, ಮೆತ್ತನೆಯ ಅನ್ನ ಇಳಿಯಿತು. ಆದರೆ ಬಾಯಲ್ಲಿ ಜೊಲ್ಲು ಒಸರುವುದಿಲ್ಲ. ಒಣಬಾಯಿಗೆ ಮುದ್ದೆಯ ತುತ್ತು ಅಂಟಿಕೊಂಡು ನಿಲ್ಲುತ್ತದೆ. ಎಷ್ಟು ಸಾರಿನಲ್ಲಿ ಅದ್ದಿದರೂ ಅಷ್ಟೆ. ವೈದ್ಯರು ಕಾಲ ಹಿಡಿಯುತ್ತದೆ ಎಂದರು, ಬರುವುದೇ ಇಲ್ಲವೆಂದೂ ಹೇಳಲಿಲ್ಲ, ಬರುತ್ತದೆಂದೂ ಹೇಳಲಿಲ್ಲ.

ಈಚೆಗೆ ಗಂಗಲಕ್ಷ್ಮಿಯ ಮಗುವಿನ ಮುಡಿ ತೆಗೆಸಿದರು. ಮತ್ತೆ ಅವರೆಯ ಕಾಲ. ನೆಂಟರು, ಕೇರಿಯವರು ಸೇರಿದ್ದರು. ಕೊಪ್ಪರಿಗೆ ಒಲೆಯೇರಿತು. ರುದ್ರಯ್ಯನ ಎದುರು ಬೊಮ್ಮಣ್ಣನೇ ಕೋಲು ಹಿಡಿದು ನಿಂತನು.

"ಹಿಡ್ಕಂಡು ನಿಂತಿರು ಸಾಕು, ನಾನು ತಿರುವ್ತೀನಿ," ಎಂದನು ರುದ್ರಯ್ಯ.

"ನೀನು ತಿರುವಿದ್ರೆ ಗಂಟೇ ಕಣ್ಲಾ," ಎಂದು ಬೊಮ್ಮಣ್ಣನು ಕೋಲು ಇಳಿಸಿದನು. ಅರ್ಧದಲ್ಲಿ ಉಸಿರು ಕಟ್ಟಿತು. ಅಳಿಯನು ಬಂದು ಕೋಲು ತೆಗೆದುಕೊಂಡನು. ಆದರೂ ಕಟ್ಟುವಾಗ ಅವನೇ ಕುಳಿತನು. ಕೈ ನೀರಿಗೆ ಅದ್ದಿ, ಹಲಗೆಯ ಮೇಲೆ ಉರುಳಿಸಿ ಉರುಳಿಸಿ ದುಂಡಗೆ ಮಾಡಿದನು. ಕಡೆಯ ಮುದ್ದೆಯನ್ನು ತಟ್ಟೆಗೆ ಹಾಕದೆ ಎರಡು ಅಂಗೈಗಳಲ್ಲಿ ಹಿಡಿದುಕೊಂಡು ಕೆಲವು ಕ್ಷಣ ಸುಮ್ಮನೆ ಕುಳಿತಿದ್ದನು.

ಅದನ್ನೇ ತಂದು ನನ್ನ ಎಲೆಗೆ ಹಾಕಿದನು. ಎಂದಿನಂತೆ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತನು. ನಾನು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಿಟ್ಟೆನು. ಅವನ ಕಣ್ಣು ನನ್ನ ಗಂಟಲ ಮೇಲೆಯೇ ಇದ್ದಿತು.

"ಇಳೀತಾ ಮೇಷ್ಟ್ರೆ?"

"ಇಳಿಯಿತು."

ಅವನು ಏಳಲಿಲ್ಲ. "ಇನ್ನೊಂದು ತುತ್ತು ನುಂಗ್ರಿ," ಎಂದನು.

ನುಂಗಿದೆನು. ನನ್ನ ತುತ್ತು ಇಳಿಯುವಾಗ ಅವನ ಗಂಟಲೂ ಬರಿದೇ ಮೇಲೆ ಹೋಗಿ ಕೆಳಗೆ ಬಂದಿತು.

"ಎಲ್ಲಿಗಂಟ ಬಿಸಿ ಗೊತ್ತಾಯ್ತು?"

ಎದೆಯ ನಡುವೆ ಕೈಯಿಟ್ಟು ತೋರಿಸಿದೆನು. ಅವನೂ ತನ್ನ ಎದೆಯ ಅದೇ ಜಾಗದಲ್ಲಿ ಕೈಯಿಟ್ಟುಕೊಂಡನು.

"ಹೂಂ. ಅಲ್ಲೀಗಂಟ ಬತ್ತದೆ. ಸರಿಯಾಗಿ ಬೆಂದಿದ್ರೆ ಅಲ್ಲೀಗಂಟ ಬತ್ತದೆ," ಎಂದನು.

"ಲೇ, ಜನ ಕಾಯ್ತಾವ್ರೆ, ಅಪ್ಪಣೆ ಕೊಡ್ಲಾ," ಎಂದು ಮುದ್ದೆಯ ಪಾತ್ರೆ ಹೊತ್ತಿದ್ದ ರುದ್ರಯ್ಯನು ಕೂಗಿದನು.

ಅಷ್ಟರಲ್ಲಿ ಕದರಮ್ಮ ಬಂದು, ಕಡಲೆಕಾಯಿ ಹಾಲಿನ ಲೋಟವನ್ನು ಗಂಡನ ಕೈಗಿತ್ತಳು. ಅವನು ಮೊಣಕಾಲಿಗೆ ಕೈಕೊಟ್ಟು ನಿಧಾನವಾಗಿ ಎದ್ದು, "ಬಡ್ಸ್ರಲಾ," ಎಂದನು. ಆಮೇಲೆ ಕಂಬಕ್ಕೆ ಒರಗಿ, ಗುಟುಕು ಗುಟುಕಾಗಿ ಹಾಲು ಕುಡಿಯುತ್ತ, ಪಂಕ್ತಿಯ ಉದ್ದಕ್ಕೂ ಇಳಿಯುತ್ತಿದ್ದ ಗಂಟಲುಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ನಿಂತನು.